ಊಟ ಆತಾ ರೀ?

ಪ್ರಮೀಳಾಗೂ ನನಗೂ ಮೊದಲ ಜಗಳ ಆದದ್ದು ಒಂದು ‘ಆತಾ’ದ ವಿಷಯಕ್ಕೆ. ಅವಳು ‘ಊಟ ಆತಾ ರೀ?’ ಎಂದು ಬರೆದುಕೊಂಡು ಬಂದಿದ್ದಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನಾನು ಕೆಂಪು ಪೆನ್ನು ತೆಗೆದು ಅದನ್ನು ಹೊಡೆದುಹಾಕಿ ‘ಊಟವಾಯಿತೇ?’ ಎಂದು ತಿದ್ದಿದೆ. ಅವಳು ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು, “ಟೀಚರ್, ಊಟವಾಯಿತೇ ಅಂತ ನಿಮ್ಮನ್ನ ಯಾರಾದ್ರೂ ಒಂದಿನ ಕೇಳ್ಯಾರಾ?” ಎಂದಳು. ಕೇಳಿರಲಿಲ್ಲ. ಹೊನ್ನಾಳಿಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳುವುದಿಲ್ಲ. ಆದರೂ ಸೋಲೊಪ್ಪಿಕೊಳ್ಳಲು ಮನಸ್ಸಾಗದೆ ಎರಡು ದಿನ ಅವಳ ಮನೆಯ ಕಡೆ ತಲೆ ಹಾಕಲಿಲ್ಲ.

ಅವಳ ಮನೆ ನಮ್ಮ ಮನೆಗೆ ಎದುರೇ. ಕೆಳಗೆ ಅತ್ತೆ ಅನ್ನಪೂರ್ಣಮ್ಮ, ಗಂಡ ಕೊಟ್ರೇಶ್, ಮೂರನೇ ಕ್ಲಾಸು ಓದುವ ಮಗಳು ಮಾಲಾ. ಮೇಲೆ, ಮೆಟ್ಟಿಲು ಮುಗಿಯುವ ಕಡೆ, ಮೊದಲು ಹಳೆಯ ಸಾಮಾನು ತುಂಬಿಡುತ್ತಿದ್ದ ಒಂದು ಕೋಣೆ. ಅದೇ ಪ್ರಮೀಳಾಳ ಆಫೀಸು. ಒಂದು ಮೇಜು, ಒಂದು ಲ್ಯಾಪ್‌ಟಾಪು, ಒಂದು ಫೋನು, ತುಂಗಭದ್ರೆಯ ಕಡೆಗೆ ತೆರೆಯುವ ಒಂದು ಕಿಟಕಿ. ಮಧ್ಯಾಹ್ನ ಅಲ್ಲಿ ಕುಳಿತರೆ ಹೊಳೆಯ ಮೇಲಿನ ಬೆಳಕು ಬಂದು ಚಾವಣಿಯಲ್ಲಿ ಅಲ್ಲಾಡುತ್ತದೆ. ಎಚ್ಚರ ಎಲ್ಲಿ ಮುಗಿಯಿತು, ತೂಕಡಿಕೆ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಮದುವೆ ಮಕ್ಕಳು ಯಾವುದೂ ಬೇಡವೆಂದು ಒಬ್ಬಳೇ ಇದ್ದುಬಿಟ್ಟ ನನಗೆ ರಿಟೈರಾದ ಮೇಲೆ ಹೊತ್ತು ಕಳೆಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ.

ಪ್ರಮೀಳಾ ಗೋವಿನಕೋವಿಯ ಹುಡುಗಿ. ಬಿ.ಕಾಂ. ಮುಗಿಸಿ ಮದುವೆಯಾಗಿ ಹೊನ್ನಾಳಿಗೆ ಬಂದಳು. ಲಾಕ್‌ಡೌನಿನಲ್ಲಿ ಬಸ್ಸುಗಳು ನಿಂತು ಕಂಡಕ್ಟರ್ ಕೊಟ್ರೇಶ್ ಮನೆಯಲ್ಲಿ ಕೂತಾಗ, ಅವನ ಫೋನು ಇಸಿದುಕೊಂಡು ಅದರಲ್ಲೇ ಡಿಜಿಟಲ್ ಮಾರ್ಕೆಟಿಂಗ್ ಕಲಿತಳು. ಈಗ ಹೊನ್ನಾಳಿಯ ಒಂದು ಸೀರೆ ಅಂಗಡಿ, ನ್ಯಾಮತಿಯ ಒಂದು ಮೋಟಾರು ಪಂಪ್‌ಸೆಟ್ ಅಂಗಡಿ, ಚನ್ನಗಿರಿಯ ಒಂದು ಸ್ಟೀಲ್ ಪಾತ್ರೆ ಅಂಗಡಿ, ಜಗಳೂರಿನ ಒಂದು ಬೇಕರಿ, ಇಷ್ಟಕ್ಕೂ ಅವಳದೇ ಜಾಹೀರಾತು. ಫೋಟೋ, ರೀಲ್ಸು, ಬರಹ, ಎಲ್ಲ. ಜಾಹೀರಾತು ನೋಡಿ ರೇಟು ಕೇಳುವವರ ಮೆಸೇಜುಗಳೂ ಅವಳ ನಂಬರಿಗೇ ಬರುತ್ತವೆ. ಸೊಸೆ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅನ್ನಪೂರ್ಣಮ್ಮ, “ಫೋನಿನಾಗೆ ಸಂತೆ ಮಾಡ್ತಾಳೆ” ಎನ್ನುತ್ತಾರೆ. ಅದರಲ್ಲಿ ಹೆಮ್ಮೆ ಎಷ್ಟು, ಚುಚ್ಚು ಎಷ್ಟು ಎಂದು ನನಗೆ ಇನ್ನೂ ಬಗೆಹರಿದಿಲ್ಲ.

ಆ ಕೆಲಸದಲ್ಲಿ ನನಗೆ ಬಲು ಇಷ್ಟವಾದದ್ದು ಒಂದು ಇದೆ. ಜಾಹೀರಾತು ಯಾವ ಊರಿನವರ ಫೋನಿಗೆ ಹೋಗಬೇಕು ಎಂದು ಅವಳು ನಕಾಶೆಯ ಮೇಲೆ ಗುರುತು ಹಾಕುತ್ತಾಳೆ. ಜಗಳೂರಿನ ಮೇಲೆ ಬೆರಳಿಟ್ಟರೆ ಅದರ ಸುತ್ತ ಒಂದು ತಿಳಿನೀಲಿ ವೃತ್ತ ಏಳುತ್ತದೆ. ಬೇಕಾದರೆ ಹಿಗ್ಗಿಸಬಹುದು, ಬೇಡವಾದರೆ ಕುಗ್ಗಿಸಬಹುದು. ಚನ್ನಗಿರಿಗೊಂದು, ನ್ಯಾಮತಿಗೊಂದು, ಹೊನ್ನಾಳಿಗೊಂದು. ಅವುಗಳಲ್ಲಿ ಜಗಳೂರನ್ನು ಅವಳು ಒಮ್ಮೆಯೂ ಕಂಡವಳಲ್ಲ. ಆದರೆ ಕೊಟ್ರೇಶನ ಬಸ್ಸು ಹತ್ತು ಗಂಟೆಗೆ ಹೊನ್ನಾಳಿ ಬಿಟ್ಟು ಬಸವಾಪಟ್ಟಣ, ತ್ಯಾವಣಿಗೆ, ದಾವಣಗೆರೆ ಹಾದು ಒಂದು ಗಂಟೆಗೆ ಜಗಳೂರು ಮುಟ್ಟುತ್ತದೆ. “ಈಗ ನೋಡ್ರಿ ಟೀಚರ್, ನಮ್ಮನೆಯವರು ನನ್ನ ಗೆರೆಯೊಳಗೆ ಬಂದ್ರು” ಎಂದು ಅವಳು ಕೆಲವೊಮ್ಮೆ ಗಡಿಯಾರ ನೋಡಿ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳ ಕಣ್ಣು ನಕಾಶೆಯ ಮೇಲೆ ಇರುತ್ತಿರಲಿಲ್ಲ, ಹೊಳೆಯ ಆಚೆ ಎಲ್ಲೋ ಇರುತ್ತಿತ್ತು.

ಇನ್ನು ಆ ‘ಆತಾ’ದ ವಿಷಯ. ರೇಟು ಕೇಳಿದವರು ರೇಟು ತಿಳಿದ ಕೂಡಲೇ ಮಾಯವಾಗುತ್ತಾರೆ, ಅವರನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬುದು ಅವಳ ತಲೆನೋವಾಗಿತ್ತು. ಒಂದು ದಿನ ಕೆಳಗೆ ಗ್ಯಾಸ್ ಸಿಲಿಂಡರಿನವನು ಬಂದ. ಅನ್ನಪೂರ್ಣಮ್ಮ ಅವನನ್ನು “ಊಟ ಆತಾ?” ಎಂದು ಕೇಳಿದರು. ಹೊತ್ತಿದ್ದ ಸಿಲಿಂಡರನ್ನು ಇಳಿಸಿ, ಗೋಡೆಗೆ ಒರಗಿ, ಅವನು ಊಟದ ಕತೆ, ಹೆಂಡತಿಯ ಕತೆ, ಮಗನ ಪರೀಕ್ಷೆಯ ಕತೆ ಎಲ್ಲ ಹೇಳಿ ಹೋದ. ಮಹಡಿಯಿಂದ ಇದನ್ನು ಕೇಳಿಸಿಕೊಂಡ ಪ್ರಮೀಳಾ ಆ ಸಾಲು ಬರೆದುಕೊಂಡು ನನ್ನ ಬಳಿಗೆ ಬಂದದ್ದು. ಜಗಳ ಮುಗಿದ ಮೇಲೆ ನಾನು ಇಷ್ಟು ಹೇಳಿದೆ: “ಬರೀ ಊಟ ಕೇಳಿ ಬಿಟ್ಟರೆ ಅರ್ಧಕ್ಕೆ ನಿಂತಂತಾಗುತ್ತೆ. ಅವರ ಮಾತಿಗೆ ನಾವು ಬೆಲೆ ಕೊಡ್ತೀವಿ ಅಂತ ತಿಳಿಯೋ ಹಾಗೆ ಇನ್ನೊಂದು ಸಾಲು ಸೇರಿಸು.” ಆ ಇನ್ನೊಂದು ಸಾಲನ್ನೂ ನಾನೇ ಕೊಟ್ಟೆ. ಹಟ ಬಿಟ್ಟು, ಊರಿನ ಮಾತಿನಲ್ಲೇ ಕೊಟ್ಟೆ.

‘ಊಟ ಆತಾ ರೀ? ನೀವು ಹೆಂಗೆ ಅಂತೀರೋ ಹಂಗೇ ಆಗ್ಲಿ.’

ಸಾಲು ಹಿಡಿಯಿತು. ಬೆಳಗ್ಗೆ ಆರಕ್ಕೆ ಸೀರೆಯ ರೇಟು ಕೇಳಿದವರೂ “ಇಲ್ಲಕ್ಕ, ಈಗ ಚಾ ಕುಡಿದೆ” ಎಂದು ಉತ್ತರ ಬರೆಯತೊಡಗಿದರು. ಬರೆದವರು ಅಂಗಡಿಗೂ ಬಂದರು. ಪ್ರತಿ ಸಲ ಅಷ್ಟುದ್ದ ಯಾರು ಬರೆಯುತ್ತಾರೆಂದು ಪ್ರಮೀಳಾ ಅದನ್ನು ಫೋನಿನಲ್ಲಿ ಕೂಡಿಸಿಟ್ಟಳು. ಒಂದು ಓರೆ ಗೀಟು, ಪಕ್ಕದಲ್ಲಿ ‘ಊ’. ಇಷ್ಟು ಒತ್ತಿದರೆ ಇಡೀ ಸಾಲು ತಾನಾಗಿ ಬಂದು ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಗಿರಾಕಿಗೆ ಹೋಗುತ್ತದೆ. ದಿನಕ್ಕೆ ನೂರು ಸಲ ಒತ್ತಿ ಒತ್ತಿ ಅವಳ ಹೆಬ್ಬೆರಳಿಗೆ ಅದು ಎಷ್ಟು ರೂಢಿಯಾಯಿತೆಂದರೆ, ಕಣ್ಣು ಒಂದು ಕಡೆ, ಮಾತು ಒಂದು ಕಡೆ ಇದ್ದರೂ ಬೆರಳು ತನ್ನ ಪಾಡಿಗೆ ಒತ್ತುತ್ತಿತ್ತು.

ನಮ್ಮ ಕಡೆ ಗಿರಾಕಿಗೂ ‘ರೀ’, ಗಂಡನಿಗೂ ‘ರೀ’. ಎಡವಟ್ಟಾದದ್ದು ಇಲ್ಲೇ.

ಕೊಟ್ರೇಶ್ ಬೆಳಗ್ಗೆ ಆರಕ್ಕೆ ಮೊದಲ ಟ್ರಿಪ್ಪಿಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಆ ಹೊತ್ತಿಗೆ ಮಾಲಾಳ ಹೋಮ್‌ವರ್ಕು, ಅಡುಗೆ, ಮಾರನೇ ದಿನದ ಪೋಸ್ಟು. ಗಂಡ ಹೆಂಡತಿಗೆ ಸಿಗುತ್ತಿದ್ದ ಹೊತ್ತು ಎಂದರೆ ಮಧ್ಯಾಹ್ನ ಒಂದು ಗಂಟೆ. ಬಸ್ಸು ಜಗಳೂರಿನಲ್ಲಿ ಮುಕ್ಕಾಲು ಗಂಟೆ ನಿಲ್ಲುತ್ತದೆ. ಮೊದಲು ಫೋನು ಮಾಡುತ್ತಿದ್ದ. ಅವಳು ಬೇರೆಯವರೊಂದಿಗೆ ಮಾತಾಡುತ್ತಿರುವುದೇ ಹೆಚ್ಚಾದ್ದರಿಂದ ಮೆಸೇಜು ಹಾಕತೊಡಗಿದ. ‘ಜಗಳೂರು ಮುಟ್ಟಿದೆ’ ಎಂದು ಬರುತ್ತಿತ್ತು. ಇವಳು ಗೀಟು ಒತ್ತುತ್ತಿದ್ದಳು. “ಇದೇನೇ, ಗಂಡನಿಗೂ ಅಂಗಡಿ ಸಾಲೇ?” ಎಂದು ನಾನು ಒಮ್ಮೆ ಕೇಳಿದ್ದೆ. “ಸರಿಯಾಗೇ ಐತಲ್ಲ ಟೀಚರ್! ಊಟ ಆತಾ ಅಂತ ಕೇಳ್ದಂಗೂ ಆತು, ನೀವು ಅಂದಂಗೇ ಆಗ್ಲಿ ಅಂದಂಗೂ ಆತು. ಯಾವ ಗಂಡ ಬ್ಯಾಡ ಅಂತಾನೆ?” ಎಂದು ನಕ್ಕಳು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದೀಪಾವಳಿಯ ಹಿಂದಿನ ವಾರ. ನಾಲ್ಕು ಅಂಗಡಿಗೂ ಆಫರು. ಗುರುವಾರ ಮಧ್ಯಾಹ್ನ ನಾನು ಬೇಕರಿಯ ಸಿಹಿ ಡಬ್ಬಿಯ ಬರಹ ತಿದ್ದುತ್ತ ಅದೇ ಕೋಣೆಯಲ್ಲಿ ಕುಳಿತಿದ್ದೆ. ಪ್ರಮೀಳಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಚನ್ನಗಿರಿಯ ಪಾತ್ರೆ ಅಂಗಡಿಯವರೊಂದಿಗೆ ಕುಕ್ಕರಿನ ಫೋಟೋ ವಿಷಯ ಮಾತಾಡುತ್ತಿದ್ದಳು. ಮೇಜಿನ ಮೇಲೆ ಫೋನು ಒಂದರ ಹಿಂದೊಂದು ಕಿಣಿ ಕಿಣಿ ಎನ್ನುತ್ತಿತ್ತು. ಅವಳ ಹೆಬ್ಬೆರಳು ಹೋಗಿ ಹೋಗಿ ಒತ್ತಿ ಬರುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದೆ. ಚಾವಣಿಯಲ್ಲಿ ಹೊಳೆಯ ಬೆಳಕು ಆಡುತ್ತಿತ್ತು, ನನಗೆ ಜೊಂಪು ಹತ್ತಿತ್ತು, ಆ ಬೆರಳಿನ ಓಡಾಟ ನೋಡುತ್ತ ನೋಡುತ್ತ ಕಣ್ಣು ಮುಚ್ಚಿದೆ.

ಶನಿವಾರ ಬೆಳಗ್ಗೆ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಅವರ ಮನೆಗೆ ಹೋದೆ. ಅಂದು ಬಸ್ಸು ಗ್ಯಾರೇಜಿನಲ್ಲಿತ್ತು, ಕೊಟ್ರೇಶ್ ಮನೆಯಲ್ಲಿದ್ದ. ನಡುಮನೆಯ ಮಧ್ಯೆ ಹೊಸದೊಂದು ಬ್ಯಾಗು. ಅವನು ಅದರೊಳಗೆ ಅಂಗಿಗಳನ್ನು ಮಡಿಸಿ ಇಡುತ್ತಿದ್ದ. ಅನ್ನಪೂರ್ಣಮ್ಮ ಕೈಯಲ್ಲಿ ಪೊರಕೆ ಹಿಡಿದು ಹಾಗೇ ನಿಂತಿದ್ದರು.

“ಎಲ್ಲಿಗಪ್ಪಾ?” ಎಂದೆ.

“ಮಂಗಳೂರಿಗೆ ಟೀಚರ್. ನಮ್ಮ ಮಾಲೀಕರು ಮಹೇಶ್ವರಪ್ಪನೋರು ಹೊಸ ಗಾಡಿ ಬಿಡ್ತಾರೆ. ಸೋಮವಾರ ಹೋದ್ರೆ ಶನಿವಾರ ಬರೋದು. ಜಗಳೂರು ರೂಟು ನಾಳೆಗೆ ಮುಗೀತು.”

ಮಹಡಿಯಿಂದ ಇಳಿದು ಬರುತ್ತಿದ್ದ ಪ್ರಮೀಳಾ ಕೊನೆಯ ಮೆಟ್ಟಿಲಿನಲ್ಲೇ ನಿಂತಳು. ಅವಳಿಗೂ ಇದು ಹೊಸ ಸುದ್ದಿ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

“ನನ್ನನ್ನ ಒಂದು ಮಾತು ಕೇಳಲಿಲ್ಲ ನೀವು!”

“ಕೇಳ್ದೆ.”

“ಯಾವಾಗ ಕೇಳಿದ್ರಿ?”

ಕೊಟ್ರೇಶ್ ಜಗಳಗಂಟ ಅಲ್ಲ. ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ತೆಗೆದವರನ್ನೂ ನಗಿಸಿ ಇಳಿಸುವವನು. ಅವನು ಎದ್ದು ತನ್ನ ಫೋನು ತೆರೆದು ಅವಳ ಕೈಗೆ ಕೊಟ್ಟ. ಅವಳು ಓದಿದಳು. ಆಮೇಲೆ ನನಗೂ ತೋರಿಸಿದ್ದರಿಂದ ಅದರಲ್ಲಿ ಏನಿತ್ತೆಂದು ನನಗೆ ಗೊತ್ತು.

‘ಮಾಲೀಕರು ಮಂಗಳೂರು ಗಾಡಿಗೆ ನನ್ನನ್ನ ಹೋಗು ಅಂತಾರೆ. ವಾರಕ್ಕೆ ಒಂದಿನ ಮನೆ. ಸಂಜೆ ಒಳಗೆ ಹೇಳಬೇಕು. ನಾನು ಒಲ್ಲೆ ಅಂದ್ರೆ ಇನ್ನೊಬ್ಬ ಕಂಡಕ್ಟರ್ ಓಂಕಾರ್ ಹೋಗಾಕೆ ರೆಡಿ ಅದಾನೆ. ನೀನು ಬ್ಯಾಡ ಅಂದ್ರೆ ನಾನು ಹೋಗಲ್ಲ. ಏನು ಮಾಡ್ಲಿ?’

ಅದರ ಕೆಳಗೆ, ಅದೇ ನಿಮಿಷದಲ್ಲಿ: ‘ಊಟ ಆತಾ ರೀ? ನೀವು ಹೆಂಗೆ ಅಂತೀರೋ ಹಂಗೇ ಆಗ್ಲಿ.’

ಅದರ ಕೆಳಗೆ, ಸ್ವಲ್ಪ ಹೊತ್ತು ಬಿಟ್ಟು, ಅವನದು: ‘ಆತು. ಅನ್ನ ಸಾರು. ನಿಂದು?’

ಆಮೇಲೆ ಏನೂ ಇಲ್ಲ.

“ನಾಲ್ಕು ಗಂಟೆ ತಂಕ ಕಾದೆ,” ಎಂದ ಕೊಟ್ರೇಶ್. “ಬ್ಯಾಡ ಅಂತೀಯೇನೋ ಅಂತ. ಓಂಕಾರ್ ಪಕ್ಕದಾಗೇ ನಿಂತಿದ್ದ. ಆಮೇಲೆ ಮಾಲೀಕರಿಗೆ ಹೂಂ ಅಂದೆ. ಎರಡು ರಾತ್ರಿ ಮನೆಗೆ ಬಂದಾಗ್ಲೂ ನೀನಾಗೇ ಕೇಳ್ತೀಯೇನೋ ಅಂತ ನೋಡ್ದೆ, ನೀನು ಫೋನಿನಾಗೇ ಇದ್ದೆ.”

“ಅಯ್ಯೋ, ಅದು ನಾನು... ಅದು ಅಂಗಡಿ ಸಾಲು ರೀ!”

“ಅಂಗಡಿ ಸಾಲು ಅಂತ ನಂಗೆ ಗೊತ್ತಿಲ್ಲೇನು? ಏಳು ತಿಂಗಳಿಂದ ಗೊತ್ತೈತೆ. ನನ್ನ ಬಸ್ಸಿನಾಗೆ ಕುಂತ ಹೆಣ್ಣುಮಕ್ಕಳ ಫೋನಿನಾಗೂ ಅದೇ ಸಾಲು ನೋಡೀನಿ. ಆದ್ರೂ ಬರೆದಾಕಿ ನನ್ನ ಹೆಂಡ್ತಿ, ಕೇಳ್ದಾಕಿ ಅವಳೇ ಅಂತ ದಿನಾ ಉತ್ರ ಕೊಟ್ಟೆ.” ಅವನು ಫೋನು ವಾಪಸ್ ಇಸಿದುಕೊಂಡ. “ಒಂದೇ ಒಂದು ಹೇಳು. ಗುರುವಾರ ನಾನು ಬರ್ದಿದ್ದು ಓದಿ ಒತ್ತಿದ್ಯಾ, ಓದ್ದೆ ಒತ್ತಿದ್ಯಾ?”

ಓದಿದೆ ಎಂದರೆ ಗಂಡ ದೂರ ಹೋಗುವುದು ಪ್ರಮೀಳಾಗೆ ಲೆಕ್ಕಕ್ಕಿಲ್ಲ ಎಂದಾಗುತ್ತದೆ. ಓದಿಲ್ಲ ಎಂದರೆ ಗಂಡನೇ ಲೆಕ್ಕಕ್ಕಿಲ್ಲ ಎಂದಾಗುತ್ತದೆ. ಕಡೆಗೆ ಅವಳು “ಈಗ ಹೇಳ್ತೀನಿ, ಬ್ಯಾ...” ಎನ್ನುವಷ್ಟರಲ್ಲಿ ಅವನು ಕೈಯೆತ್ತಿ ತಡೆದ.

“ಈಗ ಹೇಳಬ್ಯಾಡ. ಈಗ ಹೇಳಿದ್ರೆ ಬ್ಯಾಗು ನೋಡಿ ಹೇಳ್ದಂಗೆ ಆಗತೈತೆ.”

ಅವನು ಬ್ಯಾಗಿನ ಜಿಪ್ಪು ಎಳೆದು ಹೊರಗೆ ಹೋದ. ಅನ್ನಪೂರ್ಣಮ್ಮ ಸೊಸೆಯನ್ನು ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ. ಪೊರಕೆ ಮೂಲೆಗಿಟ್ಟು, ಲೋಟಕ್ಕೆ ಮೊಸರು ಹಾಕಿ ನನ್ನ ಕೈಗೆ ಕೊಟ್ಟು, “ಹೆಪ್ಪು ಹಾಕೋವಾಗ ಹಾಲು ಬಿಸಿ ಇರಬಾರ್ದು ಟೀಚರಮ್ಮ” ಎಂದಷ್ಟೇ ಹೇಳಿದರು.

ಅಂದು ಮಧ್ಯಾಹ್ನ ಪ್ರಮೀಳಾ ಮಹಡಿಯ ಕೋಣೆಯ ನೆಲದ ಮೇಲೆ ಕುಳಿತು ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದಳು. ಏಳು ತಿಂಗಳು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಅವಳ ಕಡೆಯಿಂದ ದಿನಾ ಅದೇ ಸಾಲು. ಅವನ ಕಡೆಯಿಂದ ದಿನಕ್ಕೊಂದು ಬೇರೆ. ‘ಆತು. ಮಂಡಕ್ಕಿ ಮೆಣಸಿನಕಾಯಿ. ನಿಂದು?’ ‘ಆತು. ಚಿತ್ರಾನ್ನ, ಖಾರ ಜಾಸ್ತಿ ಇತ್ತು. ನಿಂದು?’ ‘ಇಲ್ಲ. ಗಾಡಿ ಲೇಟು. ಬಾಳೆಹಣ್ಣು ತಿಂದೆ. ನಿಂದು?’ ‘ಆತು. ಖಾನಾವಳಿ ಅಜ್ಜಿ ಇವತ್ತು ಶೇಂಗಾ ಹೋಳಿಗೆ ಕೊಟ್ಳು, ನಿನ್ನ ನೆನೆಸ್ಕೊಂಡೆ. ನಿಂದು?’ ಕೊನೆಯ ಆ ‘ನಿಂದು?’ ಒಂದಕ್ಕೂ ಉತ್ತರವಿರಲಿಲ್ಲ. ಊಟ ಆತಾ ಎಂದು ಕೇಳಿ, ಮುಂದಿನ ಗಿರಾಕಿಗೆ ಹೋಗಿಬಿಟ್ಟಿದ್ದಳು.

“ಇಷ್ಟು ದಿನ ನಾನು ಊರೋರನ್ನೆಲ್ಲ ಊಟ ಆತಾ ಅಂತ ಕೇಳೀನಿ ಟೀಚರ್,” ಎಂದಳು. “ನನ್ನ ಕೇಳಿದ್ದು ಅವರೊಬ್ಬರೇ.” ಆಮೇಲೆ ಅತ್ತಳು. ನಾನು ಸಮಾಧಾನ ಮಾಡುವುದರಲ್ಲಿ ದಡ್ಡಿ. ಎರಡನೆಯ ಸಾಲು ಕೊಟ್ಟವಳು ನಾನು, ‘ಹಂಗೇ ಆಗ್ಲಿ’ ಎಂದವಳು ನಾನು, ಬೆರಳು ಒತ್ತುವುದನ್ನು ನೋಡುತ್ತ ತೂಕಡಿಸಿದವಳೂ ನಾನು. ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತೆ. ಹೊಳೆಯ ಬೆಳಕು ಅಂದೂ ಚಾವಣಿಯಲ್ಲಿ ಆಡಿತು, ನನಗೆ ಅದನ್ನು ನೋಡಲು ಮನಸ್ಸಾಗಲಿಲ್ಲ.

ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಅವಳು ನನ್ನ ಬಾಗಿಲಿಗೆ ಬಂದಳು. ಮಾವಿನಕಾಯಿ ಬಣ್ಣದ ಸೀರೆ ಉಟ್ಟಿದ್ದಳು, ಕೈಯಲ್ಲಿ ಮೂರು ಡಬ್ಬಿಯ ಕ್ಯಾರಿಯರ್. ತನ್ನ ಫೋನನ್ನು ನನ್ನ ಕೈಗಿಟ್ಟಳು.

“ಇವತ್ತೊಂದಿನ ನೀವೇ ನೋಡ್ಕೊಳ್ರಿ ಟೀಚರ್. ರೇಟುಗಳು ಮೇಜಿನ ಮೇಲೆ ಬರ್ದಿಟ್ಟೀನಿ. ಆ ಗೀಟಿನ ಸಾಲು ಅಳಿಸಿ ಹಾಕೀನಿ. ಎಲ್ಲಾ ನೀವೇ ಬರೀಬೇಕು.”

“ದೀಪಾವಳಿ ಆಫರಿನ ಭಾನುವಾರ ಕಣೇ ಇದು! ಫೋನು ಬಿಟ್ಟು ಎಲ್ಲಿಗೆ ಹೊರಟೆ?”

“ಜಗಳೂರಿಗೆ. ಫೋನು ಒಯ್ದರೆ ಅವರು ಅಲ್ಲಿಂದಾನೂ ಮೆಸೇಜೇ ಹಾಕ್ತಾರೆ.”

ಬಸ್ಸಿನಲ್ಲಿ ನಡೆದದ್ದನ್ನು ಅವಳು ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಹೇಳುವಾಗಲೆಲ್ಲ ಅವಳ ದನಿ ನಿದ್ದೆಯಿಂದ ಈಗಷ್ಟೇ ಎದ್ದವರ ದನಿಯಂತೆ ಇರುತ್ತದೆ. ಹಿಂದಿನ ಬಾಗಿಲಿನಿಂದ ಹತ್ತಿ ಕಿಟಕಿಯ ಪಕ್ಕ ಕುಳಿತಳಂತೆ. ಹೊಳೆಯ ಸೇತುವೆ ದಾಟುವ ಮೊದಲೇ ಕೊಟ್ರೇಶ್ ಟಿಕೆಟ್ ಕೊಡುತ್ತ ಕೊಡುತ್ತ ಅವಳ ಸೀಟಿನ ಬಳಿ ಬಂದ. ನೋಡಿದ. ಒಂದು ಗಳಿಗೆ ಅವನ ಕೈ ಚೀಲದಲ್ಲೇ ನಿಂತಿತು.

“ಎಲ್ಲಿಗೆ?” ಎಂದ, ಎಲ್ಲರನ್ನೂ ಕೇಳುವ ಹಾಗೆ.

“ಜಗಳೂರು ಒಂದು ಕೊಡ್ರಿ.”

ಟಿಕೆಟ್ ಹರಿದು ಕೊಟ್ಟ, ಚಿಲ್ಲರೆ ಕೊಟ್ಟ, ಮುಂದಿನ ಸೀಟಿಗೆ ಹೋದ. ಮೂರು ಗಂಟೆಯ ದಾರಿಯಲ್ಲಿ ಮತ್ತೆ ಮಾತಿಲ್ಲ. ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ ಕುಳಿತಳು. ಬಸವಾಪಟ್ಟಣದಲ್ಲಿ ಹೂವಿನವಳು ಹತ್ತಿ ಇಳಿದಳು. ತ್ಯಾವಣಿಗೆಯಲ್ಲಿ ಬಿಸಿಲು ಏರಿತು. ಭತ್ತದ ಗದ್ದೆಗಳ ಹಸಿರು ಕಣ್ಣಿಗೆ ಬಂದು ಬಂದು ಜೊಂಪು ಹತ್ತಿತು. ಜೊಂಪಿನಲ್ಲಿ ಅವಳಿಗೆ ತನ್ನ ನಕಾಶೆ ಕಂಡಿತಂತೆ. ತಿಳಿನೀಲಿ ವೃತ್ತದೊಳಗೆ ಬಸ್ಸು ನಿಧಾನಕ್ಕೆ ಹೋಗುತ್ತಿತ್ತು, ಅದರೊಳಗೆ ತಾನೇ ಕುಳಿತಿದ್ದಳು. ಅವಳು ಮೇಲಿನಿಂದ ಗೆರೆ ಹಾಕಿದ ಊರುಗಳಲ್ಲಿ ಬೇಲಿಗೆ ಬಟ್ಟೆ ಒಣಹಾಕಿದ್ದರು, ಎಮ್ಮೆಗಳು ರಸ್ತೆ ದಾಟುತ್ತಿದ್ದವು, ಯಾರೋ ಬಸ್ಸಿಗೆ ಕೈ ಅಡ್ಡ ಹಿಡಿದು ಓಡಿ ಬರುತ್ತಿದ್ದರು. ಕೊಟ್ರೇಶ್ ಶಿಳ್ಳೆ ಹಾಕಿ ನಿಲ್ಲಿಸುತ್ತಿದ್ದ. ಮುದುಕಿಯರ ಗಂಟು ಎತ್ತಿ ಇಡುತ್ತಿದ್ದ. “ಒಳಗ ಬರ್ರೀ, ಒಳಗ ಬರ್ರೀ” ಎನ್ನುವ ಅವನ ದನಿ ಅವಳ ಕನಸಿನ ಒಳಗೂ ಹೊರಗೂ ಕೇಳುತ್ತಿತ್ತು. ಹತ್ತು ವರ್ಷದಿಂದ ಜೊತೆಗಿರುವ ಗಂಡ ದಿನವಿಡೀ ಏನು ಮಾಡುತ್ತಾನೆಂದು ಅವಳು ಅಂದೇ ಮೊದಲು ನೋಡಿದ್ದು.

ದಾವಣಗೆರೆ ದಾಟಿದ ಮೇಲೆ ಹಸಿರು ತೆಳುವಾಯಿತು. ಕೆಂಪು ನೆಲ, ಮೆಕ್ಕೆಜೋಳದ ದಂಟು, ದೂರದ ಬೋಳು ಗುಡ್ಡ. ಎಚ್ಚರವಾದಾಗ ಬಸ್ಸು ಖಾಲಿಯಾಗುತ್ತಿತ್ತು. ಜಗಳೂರು ಬಂದಿತ್ತು. ತಾನು ಎರಡು ವರ್ಷದಿಂದ ಬೆಣ್ಣೆ ಬಿಸ್ಕತ್ತು ಮಾರುತ್ತಿದ್ದ ಬೇಕರಿಯ ಬೋರ್ಡು ರಸ್ತೆಯ ಆಚೆಗೇ ಕಂಡಿತು. ಫೋಟೋದಲ್ಲಿ ಕಾಣುತ್ತಿದ್ದುದಕ್ಕಿಂತ ಚಿಕ್ಕದಾಗಿತ್ತು.

ಈ ಹೊತ್ತಿಗೆ ಇಲ್ಲಿ, ಮಹಡಿಯ ಕೋಣೆಯಲ್ಲಿ, ನನ್ನ ಪಾಡು ಕೇಳಬೇಡಿ. ನ್ಯಾಮತಿಯಿಂದ ಒಬ್ಬರು ಮೋಟಾರಿನ ರೇಟು ಕೇಳಿದರು, ನಾನು ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಹುಡುಕಿ ‘ನಮಸ್ಕಾರ. ತಮ್ಮ ಬಾವಿಯ ಆಳವೆಷ್ಟು?’ ಎಂದು ಬರೆಯುವಷ್ಟರಲ್ಲಿ ಅವರು ಮೂರು ಸಲ ‘ಹಲೋ’ ಎಂದಿದ್ದರು. ಚನ್ನಗಿರಿಯ ಹೆಣ್ಣುಮಗಳೊಬ್ಬಳು ‘ಇವತ್ತು ಯಾಕಕ್ಕ ಊಟ ಆತಾ ಅಂತ ಕೇಳ್ಲೇ ಇಲ್ಲ?’ ಎಂದು ಬೇಸರ ಮಾಡಿಕೊಂಡಳು. ಏನು ಹೇಳಲಿ? ‘ಮರೆತೆ, ಕ್ಷಮಿಸು’ ಎಂದು ಬರೆದೆ. ಕೆಳಗೆ ಮಾಲಾ ಅಜ್ಜಿಯನ್ನು, “ಅಮ್ಮ ಅಪ್ಪನ್ನ ಕರ್ಕೊಂಡು ಬರ್ತಾಳಾ?” ಎಂದು ಕೇಳುತ್ತಿದ್ದಳು. ಅನ್ನಪೂರ್ಣಮ್ಮ ಪಾತ್ರೆ ಸದ್ದು ಮಾಡುತ್ತಿದ್ದರು. ಹೊಸ ಬ್ಯಾಗು ನಡುಮನೆಯ ಮಧ್ಯೆ ಹಾಗೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ, ಎಲ್ಲರೂ ಸುತ್ತು ಹಾಕಿ ಓಡಾಡುತ್ತಿದ್ದರು.

ಒಂದು ಗಂಟೆಯಾಯಿತು. ಒಂದೂ ಕಾಲಾಯಿತು. ಒಂದೂವರೆಯಾಯಿತು. ನನಗೆ ಹಸಿವು ಸತ್ತುಹೋಗಿತ್ತು. ಕಿಟಕಿಯ ಆಚೆ ಹೊಳೆ ತನ್ನಷ್ಟಕ್ಕೆ ಹರಿಯುತ್ತಿತ್ತು, ಬೆಳ್ಳಕ್ಕಿಯೊಂದು ಬಂಡೆಯ ಮೇಲೆ ಎಷ್ಟೋ ಹೊತ್ತಿನಿಂದ ಒಂದೇ ಕಾಲಿನಲ್ಲಿ ನಿಂತಿತ್ತು. ನಾನು ಯಾವ ದೇವರಿಗೂ ಹರಕೆ ಹೊರುವವಳಲ್ಲ. ಆದರೂ ಆ ಬೆಳ್ಳಕ್ಕಿ ಇನ್ನೊಂದು ಕಾಲು ಊರಲಿ, ಆಗ ಒಳ್ಳೆಯದಾಗುತ್ತದೆ ಎಂದು ಮಕ್ಕಳ ಹಾಗೆ ಅಂದುಕೊಂಡು ನೋಡುತ್ತ ಕುಳಿತೆ.

ಫೋನು ಕಿಣಿ ಎಂದಿತು. ಹೆಸರು ನೋಡಿದೆ. ಕೊಟ್ರೇಶನದೇ.

‘ಟೀಚರ್, ಬಂದ ಕೂಡ್ಲೇ ಊಟ ಆತಾ ರೀ ಅಂದ್ಳು. ಇಲ್ಲ ಅಂದೆ. ಬಸ್ಸಿನ ಮೆಟ್ಲು ಮೇಲೆ ಕುಂತು ಇಬ್ರೂ ಉಂಡ್ವಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಗುರುವಾರ ಓದಿರ್ಲಿಲ್ಲ ಅಂತ ಹೇಳಿದ್ಳು. ಆಮೇಲೆ ಬ್ಯಾಡ ಅಂದ್ಳು. ಮಾಲೀಕರಿಗೆ ಫೋನು ಮಾಡ್ದೆ, ಬೈದ್ರು. ಓಂಕಾರ್ ಹೋಗ್ತಾನೆ. ಅವ್ವಗೆ ಬ್ಯಾಗು ಬಿಚ್ಚಾಕೆ ಹೇಳ್ರಿ. ನಿಮ್ದು?’

ಮೊದಲ ಸಲ ಓದಿದಾಗ ಬ್ಯಾಗಿನ ಮಾತಷ್ಟೇ ಕಂಡಿತು. ಮೆಟ್ಟಿಲ ತಲೆಗೆ ಹೋಗಿ, ನನ್ನ ವಯಸ್ಸಿಗೆ ತಕ್ಕದ್ದಲ್ಲದ ದನಿಯಲ್ಲಿ ಕೂಗಿ ಹೇಳಿದೆ. ಕೆಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಜಿಪ್ಪು ಎಳೆಯುವ ಸದ್ದು ಕೇಳಿತು, ಮಾಲಾ ಚಪ್ಪಾಳೆ ತಟ್ಟುವುದು ಕೇಳಿತು, ಅನ್ನಪೂರ್ಣಮ್ಮ ಮೂಗು ಒರೆಸಿಕೊಳ್ಳುವುದೂ ಕೇಳಿತು.

ಮತ್ತೆ ಬಂದು ಕುಳಿತು ಎರಡನೆಯ ಸಲ ಓದಿದೆ. ಆಗ ಕೊನೆಯ ಪದ ಕಂಡಿತು. ಅದು ಪ್ರಮೀಳಾಗೆ ಬರೆದದ್ದಲ್ಲ. ಅವಳು ಅಲ್ಲೇ ಅವನ ಪಕ್ಕದಲ್ಲಿದ್ದಳು. ನನ್ನನ್ನೇ ಕೇಳಿದ್ದ.

‘ನನ್ನ ಊಟ ಇನ್ನೂ ಆಗಿಲ್ಲ’ ಎಂದು ಬರೆದೆ. ವ್ಯಾಕರಣ ಸರಿಯಾ ಎಂದು ನೋಡಿದೆ. ಸರಿಯಾಗಿತ್ತು. ಅಳಿಸಿದೆ. ಕಣ್ಣು ಮಂಜಾಗಿದ್ದರಿಂದ ಅಕ್ಷರ ಹುಡುಕಲು ಹೊತ್ತು ಹಿಡಿಯಿತು. ಒಂದೊಂದಾಗಿ ಒತ್ತಿ, ‘ಇಲ್ಲಪ್ಪಾ. ಈಗ ಉಣ್ಣಾಕೆ ಹೋಗ್ತೀನಿ’ ಎಂದು ಬರೆದು ಕಳಿಸಿದೆ. ಆಮೇಲೆ ಫೋನನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಕೆಳಗಿಳಿದು, ಅನ್ನಪೂರ್ಣಮ್ಮನ ಪಕ್ಕ ತಟ್ಟೆ ಹಾಕಿಕೊಂಡು ಕುಳಿತೆ.